ರಾಜೀನಾಮೆಯೊಳಗಿನ ರಾಜಿ

ತಾಲ್ಲೂಕು ಕಚೇರಿಯಲ್ಲಿ ಸಾಹೇಬರಿಗಾಗಿ ಕಾಯುತ್ತ ಕೂತವರಿಗೆ ಹೊತ್ತು ಕಳೆಯಲು ಸಿಗುವುದು ಗೋಡೆಯ ಮೇಲಿನ ಹೆಸರಿನ ಹಲಗೆ. ಕ್ರಮ ಸಂಖ್ಯೆ, ಹೆಸರು, ಎಂದಿನಿಂದ, ಎಂದಿನವರೆಗೆ. ಹಾನಗಲ್ಲಿರಲಿ, ಶಿಗ್ಗಾವಿ ಇರಲಿ, ಸವಣೂರು, ಹಿರೇಕೆರೂರು ಇರಲಿ, ರಾಜ್ಯದ ಯಾವ ಮೂಲೆಯಲ್ಲೂ ಇದರ ಅಚ್ಚು ಹೆಚ್ಚುಕಡಿಮೆ ಒಂದೇ. ಬಲ್ಲವರು ಇದರಲ್ಲಿ ಹೆಸರು ಓದುವುದಿಲ್ಲ, ತಾರೀಖು ಓದುತ್ತಾರೆ. ಎರಡು ತಾರೀಖುಗಳ ನಡುವೆ ಮೂರು ವರ್ಷ ಸರಿದಿದ್ದರೆ ಸಾಹೇಬರಿಗೂ ಊರಿನ ರಾಜಕಾರಣಕ್ಕೂ ಹೊಂದಿಕೆ ಇತ್ತು. ಏಳು ತಿಂಗಳಿದ್ದರೆ ಇರಲಿಲ್ಲ. ಹೆಸರಿನ ಪಕ್ಕ ‘ಪ್ರಭಾರ’ ಎಂದಿದ್ದರೆ ಆಗ ಕುರ್ಚಿ ಖಾಲಿಯಿತ್ತು, ಇನ್ನೊಂದು ಕುರ್ಚಿಯವರು ಬಂದು ಸಹಿ ಹಾಕಿ ಹೋಗುತ್ತಿದ್ದರು.

ಯಾಕೆ ಹೋದರು ಎನ್ನುವುದಕ್ಕೆ ಮಾತ್ರ ಹಲಗೆಯಲ್ಲಿ ಜಾಗವಿಲ್ಲ.

ಅದು ಹೊರಗಿನ ಚಹಾದಂಗಡಿಯಲ್ಲಿ ಸಿಗುತ್ತದೆ. ‘ಭಾಳ ಸ್ಟ್ರಿಕ್ಟ್ ಇದ್ರು, ನಡೀಲಿಲ್ಲ’ ಎಂಬುದು ಒಂದು ಕಾರಣ. ‘ಮಕ್ಕಳ ಸಾಲಿ ಹುಬ್ಬಳ್ಳ್ಯಾಗ ಐತ್ರಿ’ ಎಂಬುದು ಇನ್ನೊಂದು. ‘ಮ್ಯಾಲಿಂದ ಫೋನ್ ಬಂತು’ ಎಂಬುದು ಮೂರನೆಯದು, ಅದನ್ನು ಹೇಳುವಾಗ ದನಿ ತಗ್ಗುತ್ತದೆ. ಮೂರೂ ನಿಜವಿರಬಹುದು. ಆದರೆ ಇವೆಲ್ಲ ಊರು ಬಿಟ್ಟವರ ಕಾರಣಗಳು. ನೌಕರಿಯನ್ನೇ ಬಿಟ್ಟವರ ಲೆಕ್ಕ ಬೇರೆ, ಅವರ ಸಂಖ್ಯೆಯೂ ಬಹಳ ಕಡಿಮೆ.

ಕಡಿಮೆ ಯಾಕೆ ಎಂಬುದು ನಿಯಮ ಪುಸ್ತಕದಲ್ಲೇ ಇದೆ. ಖಾಸಗಿ ಕಂಪನಿಯ ಮ್ಯಾನೇಜರ್‌ಗೆ ಬೇಸರವಾದರೆ ಬೇರೆ ಕಂಪನಿ ಇದೆ. ಹೊಸ ಸಂಬಳ ಹಳೆಯದಕ್ಕಿಂತ ಹೆಚ್ಚೇ ಇರುತ್ತದೆ. ಸರ್ಕಾರಿ ಅಧಿಕಾರಿಗೆ ‘ಬೇರೆ ಸರ್ಕಾರ’ ಎಂಬುದಿಲ್ಲ. ಹಳೆಯ ಪಿಂಚಣಿ ವ್ಯವಸ್ಥೆಯಲ್ಲಿರುವವರು ರಾಜೀನಾಮೆ ಕೊಟ್ಟರೆ ಅಲ್ಲಿಯವರೆಗಿನ ಸೇವೆ ಪಿಂಚಣಿಯ ಲೆಕ್ಕಕ್ಕೆ ಬರುವುದಿಲ್ಲ, ಇಪ್ಪತ್ತು ವರ್ಷ ದುಡಿದಿದ್ದರೂ ಅಷ್ಟೇ. ಅದರ ಬದಲು ಕರ್ನಾಟಕ ನಾಗರಿಕ ಸೇವಾ ನಿಯಮಗಳ 285ನೇ ನಿಯಮದ ಕೆಳಗೆ, 15 ವರ್ಷ ಅರ್ಹ ಸೇವೆ ಮುಗಿಸಿ, ಮೂರು ತಿಂಗಳ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ಪಡೆದರೆ ಪಿಂಚಣಿ ಉಳಿಯುತ್ತದೆ. ಐಎಎಸ್, ಐಪಿಎಸ್ ಅಧಿಕಾರಿಗಳಿಗೆ ಇದಕ್ಕೆ 20 ವರ್ಷ ಬೇಕು. ಹಾಗಾಗಿ ನಮ್ಮ ಕಚೇರಿಗಳಲ್ಲಿ ತಿಳಿದವರು ರಾಜೀನಾಮೆ ಬರೆಯುವುದಿಲ್ಲ, ವಿಆರ್‌ಎಸ್ ಬರೆಯುತ್ತಾರೆ. ಕೋಪ ಎಷ್ಟೇ ಇದ್ದರೂ ಸೇವಾ ಪುಸ್ತಕ ತೆರೆದು ವರ್ಷ ಎಣಿಸಿದ ಮೇಲೆಯೇ.

ಹಾಗಿದ್ದೂ ಕೆಲವರು ರಾಜೀನಾಮೆಯನ್ನೇ ಬರೆಯುತ್ತಾರೆ. ಇಲ್ಲಿ ಆ ಶಬ್ದದ ಹುಟ್ಟನ್ನು ನೋಡುವುದು ಒಳ್ಳೆಯದು. ಫಾರ್ಸಿಯ ‘ರಾಜಿ’ ಎಂದರೆ ಒಪ್ಪಿಗೆ, ‘ನಾಮೆ’ ಎಂದರೆ ಪತ್ರ. ಹಿಂದಿ, ಉರ್ದು ಆಡುವವರಿಗೆ ರಾಜೀನಾಮೆ ಎಂದರೆ ಇಂದಿಗೂ ಜಗಳ ಬಗೆಹರಿಸಿಕೊಂಡ ಒಪ್ಪಂದ. ಮುಂಬೈ ಪ್ರಾಂತ್ಯದ ಕಂದಾಯ ವ್ಯವಸ್ಥೆಯಲ್ಲಿ ರೈತ ತನ್ನ ಹೊಲದ ಹಕ್ಕನ್ನು ಬಿಟ್ಟುಕೊಡುವಾಗ ಬರೆದುಕೊಡುತ್ತಿದ್ದುದು ರಾಜೀನಾಮೆ. ಅದನ್ನು ವಹಿಸಿಕೊಳ್ಳುವವನು ಬರೆಯುತ್ತಿದ್ದುದು ಕಬೂಲಾಯತ್. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು, ಹಾನಗಲ್, ಶಿಗ್ಗಾವಿ, ಹಿರೇಕೆರೂರುಗಳು ಅದೇ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಹೊಲ ಬಿಡುವ ಕಾಗದದ ಹೆಸರೇ ಕನ್ನಡ, ಮರಾಠಿಗಳಲ್ಲಿ ಹುದ್ದೆ ಬಿಡುವ ಕಾಗದಕ್ಕೂ ಅಂಟಿಕೊಂಡಿತು.

ಕರ್ನಾಟಕದ ಇತ್ತೀಚಿನ ಹೆಸರುವಾಸಿ ರಾಜೀನಾಮೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಶಬ್ದದ ಹಳೆಯ ಅರ್ಥ ಇನ್ನೂ ಸತ್ತಿಲ್ಲ ಅನ್ನಿಸುತ್ತದೆ.

2010ರ ಜೂನ್ 23ರಂದು ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆ ರಾಜೀನಾಮೆ ಕೊಟ್ಟರು. ಹಾನಗಲ್‌ನಿಂದ ಘಟ್ಟ ಇಳಿದರೆ ಸಿಗುವ ಉತ್ತರ ಕನ್ನಡದ ಬೇಲೆಕೇರಿ ಬಂದರಿನಲ್ಲಿ ಅಕ್ರಮ ಅದಿರು ಹಿಡಿದ ಅರಣ್ಯಾಧಿಕಾರಿ ಆರ್. ಗೋಕುಲ್ ಅವರ ಅಮಾನತಿಗೆ ಸರ್ಕಾರ ಹೊರಟಿದ್ದು ಹೆಗ್ಡೆಯವರ ಸಿಟ್ಟಿಗೆ ತಕ್ಷಣದ ಕಾರಣ. ಆಗ ಆಳುತ್ತಿದ್ದ ಬಿಜೆಪಿಯ ಹಿರಿಯ ನಾಯಕ ಎಲ್.ಕೆ. ಅಡ್ವಾಣಿ ಮಾತಾಡಿದರು, ಹತ್ತು ದಿನದಲ್ಲಿ ಹೆಗ್ಡೆ ರಾಜೀನಾಮೆ ಹಿಂದೆ ಪಡೆದರು. ಪಡೆದದ್ದು ಒಳ್ಳೆಯದೇ ಆಯಿತು. ಮರುವರ್ಷ ಜುಲೈನಲ್ಲಿ ಅವರು ಕೊಟ್ಟ ಗಣಿ ವರದಿಯಿಂದ ಮುಖ್ಯಮಂತ್ರಿಯೇ ಕುರ್ಚಿ ಬಿಡಬೇಕಾಯಿತು.

2020ರ ಅಕ್ಟೋಬರಿನಲ್ಲಿ ಹಿರಿಯ ಐಪಿಎಸ್ ಅಧಿಕಾರಿ ಪಿ. ರವೀಂದ್ರನಾಥ್ ಬಡ್ತಿಯ ವಿಚಾರದಲ್ಲಿ ನೊಂದು ರಾಜೀನಾಮೆ ಬರೆದರು, ಹಿಂದೆ ಪಡೆದರು. 2022ರ ಮೇ ತಿಂಗಳಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದಿಂದ ಎತ್ತಂಗಡಿಯಾದಾಗ, ಸುಳ್ಳು ಜಾತಿ ಪ್ರಮಾಣಪತ್ರಗಳ ಹಿಂದೆ ಬಿದ್ದದ್ದೇ ಇದಕ್ಕೆ ಕಾರಣವೆಂದು ಮತ್ತೆ ಬರೆದರು. 2021ರ ಜೂನ್ 3ರಂದು ಮೈಸೂರು ಮಹಾನಗರ ಪಾಲಿಕೆ ಆಯುಕ್ತೆ ಶಿಲ್ಪಾ ನಾಗ್, ಕೋವಿಡ್ ಎರಡನೇ ಅಲೆಯ ನಡುವೆ, ಜಿಲ್ಲಾಧಿಕಾರಿ ರೋಹಿಣಿ ಸಿಂಧೂರಿ ಅವರ ಕಿರುಕುಳ ತಾಳಲಾರೆ ಎಂದು ಆರೋಪಿಸಿ ಪತ್ರಿಕಾಗೋಷ್ಠಿಯಲ್ಲೇ ರಾಜೀನಾಮೆ ಘೋಷಿಸಿದರು. ಜಿಲ್ಲಾಧಿಕಾರಿ ಆರೋಪವನ್ನು ಅಲ್ಲಗಳೆದರು. ಎರಡೇ ದಿನದಲ್ಲಿ ಇಬ್ಬರಿಗೂ ವರ್ಗಾವಣೆ ಆಯಿತು. ಶಿಲ್ಪಾ ನಾಗ್ ಸೇವೆಯಲ್ಲಿ ಮುಂದುವರಿದರು.

ತೀರಾ ಹತ್ತಿರದ್ದು ಪಕ್ಕದ ಧಾರವಾಡದ್ದು. 2025ರ ಏಪ್ರಿಲ್ 28ರಂದು ಬೆಳಗಾವಿಯ ಕಾಂಗ್ರೆಸ್ ಸಮಾವೇಶದಲ್ಲಿ ಕಪ್ಪು ಬಾವುಟ ಕಂಡು ಸಿಟ್ಟಾದ ಮುಖ್ಯಮಂತ್ರಿ ಸಿದ್ದರಾಮಯ್ಯ, ವೇದಿಕೆಯ ಮೇಲೆ ಬಂದೋಬಸ್ತಿಗಿದ್ದ ಧಾರವಾಡದ ಹೆಚ್ಚುವರಿ ಎಸ್‌ಪಿ ನಾರಾಯಣ ಬರಮನಿ ಅವರತ್ತ ಕೈ ಎತ್ತಿದ್ದನ್ನು ರಾಜ್ಯವೆಲ್ಲ ಮೊಬೈಲಿನಲ್ಲಿ ನೋಡಿತು. ಜೂನ್‌ನಲ್ಲಿ ಬರಮನಿ ಸ್ವಯಂ ನಿವೃತ್ತಿಗೆ ಬರೆದರು. ಏಟು ಬಿದ್ದಿರಲಿಲ್ಲ, ಆದರೆ ಬಹಿರಂಗವಾಗಿ ಆದ ಅವಮಾನವನ್ನು ಪತ್ರದಲ್ಲಿ ತೋಡಿಕೊಂಡಿದ್ದರು. ಮುಖ್ಯಮಂತ್ರಿ, ಹಿರಿಯ ಅಧಿಕಾರಿಗಳು ಸಮಾಧಾನ ಮಾಡಿದರು. ಜುಲೈನಲ್ಲಿ ಅವರಿಗೆ ಡಿಸಿಪಿ ಹುದ್ದೆ ಸಿಕ್ಕಿತು, ಅದೂ ಬೆಳಗಾವಿಯಲ್ಲೇ.

ಇವರ ನೋವು ನಾಟಕ ಎಂದು ಇದರ ಅರ್ಥವಲ್ಲ. ನೋವು ಹೇಳಿಕೊಳ್ಳಲು ಬೇರೆ ದಾರಿ ಇರಲಿಲ್ಲ ಎಂಬುದೇ ಮಾತು. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರ ತನ್ನ ಪುಸ್ತಕದಲ್ಲಿ, ಸಂಸ್ಥೆಯೊಂದು ಹದಗೆಟ್ಟಾಗ ಅದರಲ್ಲಿರುವವರಿಗೆ ಎರಡು ಹಾದಿ ಇರುತ್ತವೆ ಎಂದ: ಎದ್ದು ಹೋಗುವುದು ಅಥವಾ ದನಿ ಎತ್ತುವುದು. ಸಂಸ್ಥೆಯ ಮೇಲಿನ ನಿಷ್ಠೆ ಎಷ್ಟಿದೆ ಎಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ. ನಮ್ಮಲ್ಲಿ ಇವೆರಡೂ ಒಂದೇ ಹಾಳೆಯಲ್ಲಿ ಸೇರಿಕೊಂಡಿವೆ. ಸರ್ಕಾರಿ ನೌಕರ ಪತ್ರಿಕೆಯ ಮುಂದೆ ಸರ್ಕಾರವನ್ನು ಟೀಕಿಸುವಂತಿಲ್ಲ, ನಡತೆ ನಿಯಮ ಅಡ್ಡ ಬರುತ್ತದೆ. ಮೇಲಧಿಕಾರಿಗೆ ದೂರು ಕೊಟ್ಟರೆ ಅದು ಯಾರ ಮೇಲೆ ದೂರೋ ಅವರ ಮೇಜಿಗೇ ತಿರುಗಿ ಬರುತ್ತದೆ. ಉಳಿದದ್ದು ರಾಜೀನಾಮೆ. ಅದೊಂದನ್ನು ಸರ್ಕಾರ ಓದದೆ ಇರುವಂತಿಲ್ಲ. ನಿರ್ಗಮನದ ವೇಷ ತೊಟ್ಟ ಮನವಿ ಅದು, ಹಾಗಾಗಿಯೇ ಬಹುಪಾಲು ರಾಜಿಯಲ್ಲಿ ಮುಗಿಯುತ್ತದೆ.

ಮುಗಿಯದವೂ ಇವೆ. 2016ರ ಜೂನ್‌ನಲ್ಲಿ ಕೂಡ್ಲಿಗಿಯ ಡಿವೈಎಸ್‌ಪಿ ಅನುಪಮಾ ಶೆಣೈ ಕೊಟ್ಟ ರಾಜೀನಾಮೆ ಅಂಗೀಕಾರವಾಯಿತು. ಅದೇ ವರ್ಷದ ಆರಂಭದಲ್ಲಿ ಜಿಲ್ಲಾ ಉಸ್ತುವಾರಿ ಸಚಿವರ ಫೋನ್ ಕರೆಯನ್ನು ಹೋಲ್ಡ್‌ನಲ್ಲಿ ಇಟ್ಟದ್ದಕ್ಕೆ ಇಂಡಿಗೆ ವರ್ಗಾವಣೆಯಾಗಿ, ಗದ್ದಲವೆದ್ದ ಮೇಲೆ ಮರಳಿ ಬಂದವರು ಅವರು. 2019ರ ಮೇ ತಿಂಗಳಲ್ಲಿ ಬೆಂಗಳೂರು ದಕ್ಷಿಣ ಡಿಸಿಪಿ ಕೆ. ಅಣ್ಣಾಮಲೈ ಐಪಿಎಸ್ ಬಿಟ್ಟರು. ಪತ್ರದಲ್ಲಿ ಕೈಲಾಸ ಮಾನಸ ಸರೋವರ ಯಾತ್ರೆಯನ್ನೂ ಹಿರಿಯ ಅಧಿಕಾರಿ ಮಧುಕರ ಶೆಟ್ಟಿಯವರ ಸಾವನ್ನೂ ನೆನೆದಿದ್ದರು. ಅದೇ ವರ್ಷ ಸೆಪ್ಟೆಂಬರ್ 6ರಂದು ದಕ್ಷಿಣ ಕನ್ನಡದ ಜಿಲ್ಲಾಧಿಕಾರಿ ಎಸ್. ಶಶಿಕಾಂತ್ ಸೆಂಥಿಲ್, ಪ್ರಜಾಪ್ರಭುತ್ವದ ಬುನಾದಿಯೇ ಅಲುಗುತ್ತಿರುವಾಗ ಈ ಹುದ್ದೆಯಲ್ಲಿ ಮುಂದುವರಿಯುವುದು ಸರಿಯಲ್ಲ ಎಂದು ಐಎಎಸ್ ತೊರೆದರು. ಮೂವರೂ ಆಮೇಲೆ ರಾಜಕೀಯಕ್ಕೆ ಬಂದರು. ಶೆಣೈ ಸ್ವಂತ ಪಕ್ಷ ಕಟ್ಟಿ ಸೋತರು, ಅಣ್ಣಾಮಲೈ ತಮಿಳುನಾಡು ಬಿಜೆಪಿಯ ಅಧ್ಯಕ್ಷರಾದರು, ಸೆಂಥಿಲ್ 2024ರಲ್ಲಿ ತಿರುವಳ್ಳೂರಿನಿಂದ ಕಾಂಗ್ರೆಸ್ ಸಂಸದರಾದರು.

ಈ ದಾರಿಯನ್ನು ಹಿರೇಕೆರೂರು ಅವರಿಗಿಂತ ಎಷ್ಟೋ ಮೊದಲೇ ಕಂಡಿದೆ. ಪೊಲೀಸ್ ಇನ್‌ಸ್ಪೆಕ್ಟರ್ ಆಗಿದ್ದ ಬಿ.ಸಿ. ಪಾಟೀಲರು ಸಿನಿಮಾದಲ್ಲಿ ‘ಕೌರವ’ನಾಗಿ ಹೆಸರು ಮಾಡಿ, ಖಾಕಿ ಬಿಟ್ಟು, 2004ರಲ್ಲಿ ಜೆಡಿಎಸ್‌ನಿಂದ ಇಲ್ಲಿ ಗೆದ್ದರು. 2008 ಮತ್ತು 2018ರಲ್ಲಿ ಕಾಂಗ್ರೆಸ್, 2019ರ ಉಪಚುನಾವಣೆಯಲ್ಲಿ ಬಿಜೆಪಿ. ಆಮೇಲೆ ಕೃಷಿ ಸಚಿವ. ಇನ್‌ಸ್ಪೆಕ್ಟರ್ ಆಗಿದ್ದಾಗ ಸಲಾಮು ಹೊಡೆಯಬೇಕಿದ್ದ ಕುರ್ಚಿಯಲ್ಲೇ ಅವರು ಕೂತರು. ಅಧಿಕಾರಿಗಳು ರಾಜಕೀಯಕ್ಕೆ ಹೋಗುವುದನ್ನು ಹಣದಾಸೆ, ಅಧಿಕಾರದಾಸೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಹತ್ತಾರು ವರ್ಷ ಒಂದು ಸಹಿಗಾಗಿ ಇನ್ನೊಬ್ಬರ ಬಾಗಿಲಲ್ಲಿ ನಿಂತವರಿಗೆ, ಸಹಿಯ ನಿಜವಾದ ಯಜಮಾನ ಎಲ್ಲಿದ್ದಾನೆ ಎಂಬುದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ತಾಲ್ಲೂಕು ಮಟ್ಟದಲ್ಲಿ ಸಹಿ ಒಬ್ಬರದು, ಯಜಮಾನಿಕೆ ಇನ್ನೊಬ್ಬರದು ಆಗುವುದು ಹೇಗೆ ಎಂಬುದಕ್ಕೆ ಬಗರ್‌ಹುಕುಂ ಸಮಿತಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಸರ್ಕಾರಿ ಜಮೀನಿನಲ್ಲಿ ಸಾಗುವಳಿ ಮಾಡುತ್ತಿರುವವರ ಅರ್ಜಿಗಳನ್ನು ಇತ್ಯರ್ಥ ಮಾಡುವ ಈ ಸಮಿತಿಗೆ ಕ್ಷೇತ್ರದ ಶಾಸಕರು ಅಧ್ಯಕ್ಷರು, ತಹಶೀಲ್ದಾರರು ಸದಸ್ಯ ಕಾರ್ಯದರ್ಶಿ. ಯಾರಿಗೆ ಕೊಡಬೇಕು ಎಂಬ ತೀರ್ಮಾನ ಸಮಿತಿಯದು. ಕಡತ, ಸ್ಥಳ ಪರಿಶೀಲನೆ, ನಡವಳಿ, ಸಾಗುವಳಿ ಚೀಟಿ ತಹಶೀಲ್ದಾರರದು. ನಾಲ್ಕು ವರ್ಷದ ಬಳಿಕ ಮಂಜೂರಾತಿ ತಪ್ಪೆಂದು ಸಾಬೀತಾದರೆ ಶಾಸಕರಿಗೆ ನೋಟಿಸ್ ಹೋಗುವುದಿಲ್ಲ. ಗೋಮಾಳ ಹೇಗೆ ಕೊಟ್ಟೆ ಎಂಬ ಪ್ರಶ್ನೆ ಬರುವುದು ಸಹಿ ಹಾಕಿದವನಿಗೆ, ಆ ಹೊತ್ತಿಗೆ ಅವನು ಬೇರೆ ಜಿಲ್ಲೆಯಲ್ಲಿ ಇನ್ನೊಂದು ಸಮಿತಿಯ ಕಾರ್ಯದರ್ಶಿಯಾಗಿರುತ್ತಾನೆ.

ನೆರೆಯ ಕಾಲದ ಕಥೆ ಇನ್ನೂ ತೀಕ್ಷ್ಣ. 2019ರ ಆಗಸ್ಟ್‌ನಲ್ಲಿ ವರದಾ ನದಿ ಉಕ್ಕಿ ಹಾನಗಲ್, ಸವಣೂರು ಭಾಗದ ಊರುಗಳಿಗೆ ನುಗ್ಗಿತು. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ಮೂರು ದರ್ಜೆಗೆ ಹಾಕುವುದು ಆಗ ಸರ್ಕಾರದ ಕ್ರಮವಾಗಿತ್ತು. ಮುಕ್ಕಾಲಿಗಿಂತ ಹೆಚ್ಚು ಬಿದ್ದದ್ದು ಎ, ಪರಿಹಾರ 5 ಲಕ್ಷ ರೂಪಾಯಿ. ಅಲ್ಪಸ್ವಲ್ಪ ಬಿದ್ದದ್ದು ಸಿ, 50 ಸಾವಿರ. ಒಂದು ಅಕ್ಷರಕ್ಕೂ ಇನ್ನೊಂದು ಅಕ್ಷರಕ್ಕೂ ನಾಲ್ಕೂವರೆ ಲಕ್ಷದ ಅಂತರ. ಮಣ್ಣಿನ ಗೋಡೆಯ ಮನೆ ನೀರು ಇಳಿದ ದಿನ ಕಾಲು ಭಾಗ ಬಿದ್ದಿರುತ್ತದೆ, ಬಿಸಿಲು ಬಿದ್ದು ಒಣಗಿದಂತೆ ಬಿರುಕು ಬಿಟ್ಟು ಹದಿನೈದು ದಿನದಲ್ಲಿ ಪೂರ್ತಿ ಕೂರುತ್ತದೆ. ಮೊದಲ ದಿನ ನೋಡಿದ ಎಂಜಿನಿಯರ್ ಸಿ ಎಂದು ಬರೆದದ್ದೂ ಸರಿ, ಹದಿನೈದನೇ ದಿನ ಎ ಬೇಕೆಂದು ಕೂಗುವ ಮನೆಯವರೂ ಸರಿ. ನಡುವೆ ಊರ ಪುಢಾರಿ ಬರುತ್ತಾರೆ, ಕೆಡದ ಮನೆಗೂ ಎ ಬರೆಸಲು. ಬರೆದರೆ ತನಿಖೆ, ಬರೆಯದಿದ್ದರೆ ಕಚೇರಿಗೆ ಬೀಗ. ಇಂಥ ಕಾಲದಲ್ಲಿ ಸಾಹೇಬರು ವೈದ್ಯಕೀಯ ರಜೆ ಹಾಕಿದರೆ ಜನ ನಗುತ್ತಾರೆ. ನಗಬಾರದ ಸಂಗತಿ ಅದು.

ಈ ನಾಲ್ಕು ತಾಲ್ಲೂಕುಗಳಿಗೆ ಇನ್ನೊಂದು ವಿಶೇಷವಿದೆ. ಐದು ವರ್ಷದೊಳಗೆ ಇಲ್ಲಿ ಮೂರು ಉಪಚುನಾವಣೆ ನಡೆದವು: ಹಿರೇಕೆರೂರಿನಲ್ಲಿ 2019ರ ಡಿಸೆಂಬರ್ 5, ಹಾನಗಲ್‌ನಲ್ಲಿ 2021ರ ಅಕ್ಟೋಬರ್ 30, ಶಿಗ್ಗಾವಿಯಲ್ಲಿ 2024ರ ನವೆಂಬರ್ 13. ಸವಣೂರು ಪಟ್ಟಣ ಶಿಗ್ಗಾವಿ ಕ್ಷೇತ್ರಕ್ಕೇ ಸೇರಿದ್ದು, ಅದಕ್ಕೂ ತಪ್ಪಲಿಲ್ಲ. ನಡುವೆ ವಿಧಾನಸಭೆ, ಲೋಕಸಭೆಯ ಸಾಮಾನ್ಯ ಚುನಾವಣೆಗಳು. ಉಪಚುನಾವಣೆ ಎಂದರೆ ಇಡೀ ಸಂಪುಟ ಒಂದು ತಾಲ್ಲೂಕಿಗೆ ಬಂದು ಠಿಕಾಣಿ ಹೂಡುವುದು. ಎಲ್ಲ ಪಕ್ಷದ ಕಣ್ಣೂ ತಹಶೀಲ್ದಾರರ ಮೇಲೆ, ಅವರ ಕಣ್ಣು ಚುನಾವಣಾ ಆಯೋಗದ ಮೇಲೆ. 2021ರ ಜುಲೈನಿಂದ 2023ರ ಮೇವರೆಗೆ ಶಿಗ್ಗಾವಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಸ್ವಕ್ಷೇತ್ರವೂ ಆಗಿತ್ತು. ಅನುದಾನ ಬರುವುದು ಊರಿಗೆ ಹಿತ. ಪ್ರತಿ ಹಳ್ಳಿಯಲ್ಲೂ ‘ಸಿಎಂ ಸಾಹೇಬ್ರಿಗೆ ಹೇಳ್ತೀನಿ’ ಎನ್ನಬಲ್ಲ ಒಬ್ಬ ಇರುವುದು ಅಧಿಕಾರಿಗೆ ಅಷ್ಟು ಹಿತವಲ್ಲ.

ಅವಮಾನದ ಜಾಗವೂ ಬದಲಾಗಿದೆ. ಮೂರು ತಿಂಗಳಿಗೊಮ್ಮೆ ಶಾಸಕರ ಅಧ್ಯಕ್ಷತೆಯಲ್ಲಿ ನಡೆಯುವ ಪ್ರಗತಿ ಪರಿಶೀಲನೆಯ ಕೆಡಿಪಿ ಸಭೆಯಲ್ಲಿ ಅಧಿಕಾರಿಗಳಿಗೆ ಬೈಗುಳ ಹೊಸದೇನಲ್ಲ. ಹಿಂದೆ ಅದು ಆ ನಾಲ್ಕು ಗೋಡೆಗಳ ಒಳಗೆ ಸವೆದುಹೋಗುತ್ತಿತ್ತು, ಸಂಜೆ ಅದೇ ಶಾಸಕರು ‘ಮನಸ್ಸಿಗೆ ಹಚ್ಕೋಬ್ಯಾಡ್ರಿ’ ಎನ್ನುತ್ತಿದ್ದರು. ಈಗ ಸಭೆ ಮುಗಿಯುವ ಮೊದಲೇ ಅದು ರೀಲ್ಸ್ ಆಗಿ ಅಧಿಕಾರಿಯ ಮಗಳ ಮೊಬೈಲಿಗೆ ಬಂದಿರುತ್ತದೆ. ಬೈಯುವವರಿಗೆ ಬೇಕಿರುವುದು ಆ ರೀಲ್ಸ್, ಉತ್ತರವಲ್ಲ.

ಇದರ ಮೇಲೆ ಪ್ರಭಾರದ ಹೊರೆ. ರಾಜ್ಯ ಸರ್ಕಾರದ ಮಂಜೂರಾದ ಹುದ್ದೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ ಇವೆ ಎಂದು ಸರ್ಕಾರವೇ ಹೇಳಿದೆ. ಒಬ್ಬರಿಗೆ ಎರಡು, ಕೆಲವೊಮ್ಮೆ ಮೂರು ಕುರ್ಚಿ. ಕಚೇರಿಯ ಮಾತಿನಲ್ಲಿ ‘32ರಲ್ಲಿ ಇದಾರೆ’, ‘68ರಲ್ಲಿ ಇದಾರೆ’ ಎಂದರೆ ಸೇವಾ ನಿಯಮದ ಪ್ರಕಾರ ಯಾವ ಬಗೆಯ ಪ್ರಭಾರ ಎಂದು ಅರ್ಥ. 2024ರ ಸೆಪ್ಟೆಂಬರಿನಲ್ಲಿ ಗ್ರಾಮ ಆಡಳಿತಾಧಿಕಾರಿಗಳು ರಾಜ್ಯದಾದ್ಯಂತ ಮುಷ್ಕರ ಹೂಡಿದ್ದು ತಮ್ಮ ಸ್ವಂತ ಮೊಬೈಲಿಗೆ ಒಂದರ ಮೇಲೊಂದು ಸರ್ಕಾರಿ ಆ್ಯಪ್ ಹೇರಿದ್ದಾರೆ ಎಂದು. ಕೆಳಗಿನವರು ಆ್ಯಪ್ ಬಂದ್ ಮಾಡಿದರೆ ಪ್ರಗತಿ ಶೂನ್ಯ ಎಂಬ ಷರಾ ಬೀಳುವುದು ಮೇಲಿನವರ ಹೆಸರಿಗೆ.

ಹಾಗಾದರೆ ಸಂಬಳ? ಅದು ಮುಖ್ಯ ಕಾರಣವಲ್ಲ ಎಂದೇ ಹೇಳಬೇಕು. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದು ಕನಿಷ್ಠ ಮೂಲವೇತನ 27,000 ರೂಪಾಯಿ, ಗರಿಷ್ಠ 2,41,200 ರೂಪಾಯಿ ಆಗಿದೆ. ಹಣಕ್ಕಾಗಿ ಸರ್ಕಾರ ಬಿಡುವವರಲ್ಲಿ ತಜ್ಞ ವೈದ್ಯರು ಮುಂದಿದ್ದಾರೆ. ಅರಿವಳಿಕೆ ತಜ್ಞರಿಗೆ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆ ಕೊಡುವುದನ್ನು ತಾಲ್ಲೂಕು ಆಸ್ಪತ್ರೆ ಕೊಡಲಾರದು. ಆಡಳಿತದ ಅಧಿಕಾರಿಗಳಿಗೆ ಹೊರಗೆ ಅಂಥ ಸಂತೆಯಿಲ್ಲ.

ಸ್ವಯಂ ನಿವೃತ್ತಿ ಕೇಳುವವರೆಲ್ಲ ನೊಂದ ಪ್ರಾಮಾಣಿಕರು ಎಂದುಕೊಳ್ಳುವುದೂ ತಪ್ಪು. ಸೇವಾ ನಿಯಮ 214ರ ಪ್ರಕಾರ, ನಿವೃತ್ತನಾದವನ ಮೇಲೆ ಹೊಸದಾಗಿ ಇಲಾಖಾ ವಿಚಾರಣೆ ಹೂಡಬೇಕೆಂದರೆ ನಾಲ್ಕು ವರ್ಷಕ್ಕಿಂತ ಹಳೆಯ ಘಟನೆಯನ್ನು ಕೆದಕುವಂತಿಲ್ಲ. ಹಳೆಯ ಕಡತವೊಂದು ಎದ್ದು ಬರುವ ವಾಸನೆ ಹತ್ತಿದರೆ ಕೆಲವರಿಗೆ ಆರೋಗ್ಯ ಕೆಡುತ್ತದೆ. ಅದಕ್ಕೇ ವಿಚಾರಣೆ ಬಾಕಿ ಇದ್ದವರಿಗೆ ನಿವೃತ್ತಿ ತಡೆಹಿಡಿಯುವ ಅಧಿಕಾರ ಸರ್ಕಾರಕ್ಕಿದೆ. ನೊಂದವರ ಅರ್ಜಿಯೂ ಜಾರಿಕೊಳ್ಳುವವರ ಅರ್ಜಿಯೂ ಕಾಗದದ ಮೇಲೆ ಒಂದೇ ತರಹ: ‘ವೈಯಕ್ತಿಕ ಕಾರಣಗಳಿಂದ’.

ಹಳೆಯ ಕಾಲ ಬೇರೆ ಇತ್ತೇ? ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ 1884ರಲ್ಲಿ ಸೇರಿದ ಎಂ. ವಿಶ್ವೇಶ್ವರಯ್ಯ 1908ರಲ್ಲಿ ತಾವಾಗಿ ನಿವೃತ್ತರಾದರು. ಅತ್ಯುಚ್ಚ ಹುದ್ದೆಗಳು ಆಗ ಇಂಗ್ಲಿಷರ ಪಾಲು. ಅಲ್ಲಿ ಮೇಲಕ್ಕೆ ಹೋಗುವ ದಾರಿ ಮುಗಿದಿದೆ ಎಂದು ಅವರಿಗೆ ಕಂಡಿತ್ತು. ಮುಂದೆ ಮೈಸೂರಿನ ದಿವಾನಗಿರಿಯನ್ನೂ ಅವರು 1918ರಲ್ಲಿ ಬಿಟ್ಟರು. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಚಾರದಲ್ಲಿ ಮಹಾರಾಜರೊಂದಿಗೆ ಬಂದ ಭಿನ್ನಮತ ಅದಕ್ಕೆ ಕಾರಣ. ಆ ವಿಷಯದಲ್ಲಿ ಇತಿಹಾಸ ಅವರ ಪರವಾಗಿ ನಿಲ್ಲಲಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ 1914ರಲ್ಲಿ ಮೈಸೂರು ಸಿವಿಲ್ ಸೇವೆಗೆ ಸೇರಿ ಅಬ್ಕಾರಿ ಕಮಿಷನರ್ ಹುದ್ದೆವರೆಗೆ ಏರಿದವರು. 1943ರಲ್ಲಿ ಕಿರಿಯರೊಬ್ಬರಿಗೆ ತಮ್ಮನ್ನು ದಾಟಿಸಿ ಬಡ್ತಿ ಕೊಟ್ಟಾಗ ಹೊರಬಂದರು. ಮರುವರ್ಷದಿಂದ ‘ಜೀವನ’ ಪತ್ರಿಕೆ ಹಿಡಿದರು. ಸರ್ಕಾರಕ್ಕೆ ಆದ ನಷ್ಟ ಕನ್ನಡಕ್ಕೆ ಲಾಭವಾಯಿತು. ಆ ಹೊತ್ತಿಗೆ ಮಾಸ್ತಿಗೆ ಐವತ್ತು ದಾಟಿತ್ತು, ಜೊತೆಗೆ ಬರವಣಿಗೆ ಎಂಬ ಎರಡನೇ ಮನೆ ಕಟ್ಟಿಕೊಂಡಿದ್ದರು. ಎಲ್ಲ ಅಧಿಕಾರಿಗಳಿಗೂ ಅದು ಇರುವುದಿಲ್ಲ.

ನೌಕರಿಗೆ ಕಟ್ಟಿಹಾಕುವ ಪಿಂಚಣಿಯ ಹಗ್ಗವೂ ಸಡಿಲವಾಗುತ್ತಿದೆ. 2006ರ ಏಪ್ರಿಲ್ 1ರ ಬಳಿಕ ಸೇರಿದ ರಾಜ್ಯ ನೌಕರರು ಹೊಸ ಪಿಂಚಣಿ ಯೋಜನೆಯಡಿ ಬರುತ್ತಾರೆ. ಅವರ ಹಣ ಅವರದೇ ಖಾತೆಯಲ್ಲಿರುತ್ತದೆ, ನೌಕರಿ ಬಿಟ್ಟರೂ ಇಲ್ಲವಾಗುವುದಿಲ್ಲ. ಬಹುಪಾಲು ವರ್ಷಾಶನಕ್ಕೆ ಹೋಗುತ್ತದೆ ಅಷ್ಟೆ. ಆ ಪೀಳಿಗೆಯವರು ಈಗ ತಾಲ್ಲೂಕಿನ ಹಿರಿಯ ಕುರ್ಚಿಗಳಲ್ಲಿ ಕೂತಿದ್ದಾರೆ. ಹಿಂದಿನವರನ್ನು ಸೇವಾ ಪುಸ್ತಕ ಹಿಡಿದು ನಿಲ್ಲಿಸಿದ ಲೆಕ್ಕಾಚಾರ ಇವರನ್ನು ಅಷ್ಟು ಬಲವಾಗಿ ನಿಲ್ಲಿಸಲಾರದು.

ಮದ್ದು ಇಲ್ಲವೆಂದಲ್ಲ. 2013ರ ಅಕ್ಟೋಬರ್ 31ರಂದು, ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರ ನಿವೃತ್ತ ಅಧಿಕಾರಿಗಳ ಅರ್ಜಿಯಲ್ಲಿ, ಸುಪ್ರೀಂ ಕೋರ್ಟ್ ಸಾರಿತು: ಅಧಿಕಾರಿಗೆ ಒಂದು ಹುದ್ದೆಯಲ್ಲಿ ನಿಗದಿತ ಕನಿಷ್ಠ ಅವಧಿ ಇರಬೇಕು, ವರ್ಗಾವಣೆಗೆ ನಾಗರಿಕ ಸೇವಾ ಮಂಡಳಿ ಇರಬೇಕು, ಮೌಖಿಕ ಆದೇಶಗಳನ್ನು ಲಿಖಿತವಾಗಿ ದಾಖಲಿಸಬೇಕು. ಮೂರನೆಯದು ತಾಲ್ಲೂಕು ಮಟ್ಟದ ಅಧಿಕಾರಿಗೆ ಬಂಗಾರದಂಥ ಮಾತು. ‘ಫೋನಿನ್ಯಾಗ ಹೇಳಿದ್ದನ್ನ ಒಂದು ಚೀಟಿ ಮ್ಯಾಲ ಬರದು ಕೊಡ್ರಿ’ ಎಂದು ಕೇಳುವ ಹಕ್ಕು ಅದು. ಕೇಳಿದವರ ಹೆಸರು ಗೋಡೆಯ ಹಲಗೆಯಲ್ಲಿ ಏಳು ತಿಂಗಳ ಸಾಲಿನಲ್ಲಿ ಸೇರುವ ಸಂಭವವೇ ಹೆಚ್ಚು. ಹಾಗಾಗಿ ಆ ಹಕ್ಕನ್ನು ಅಧಿಕಾರಿಯೊಬ್ಬನೇ ಕಾಯಲಾರ, ಅವನ ಮುಂದಿನ ಬೆಂಚಿನಲ್ಲಿ ಕೂತವರೂ ಕಾಯಬೇಕು.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಯಾವ ನಾಗರಿಕರೂ ಇದನ್ನು ಇಂದೇ ಶುರು ಮಾಡಬಹುದು. ಕಳೆದ ಹತ್ತು ವರ್ಷಗಳಲ್ಲಿ ನಮ್ಮ ತಾಲ್ಲೂಕಿನ ಎಷ್ಟು ತಹಶೀಲ್ದಾರರನ್ನು ಎರಡು ವರ್ಷ ತುಂಬುವ ಮೊದಲೇ ವರ್ಗಾಯಿಸಲಾಗಿದೆ, ಪ್ರತಿ ವರ್ಗಾವಣೆಯ ಕಡತದಲ್ಲಿ ಯಾರ ಶಿಫಾರಸು ಪತ್ರವಿದೆ, ಅದರ ಪ್ರತಿ ಕೊಡಿ ಎಂದು ಮಾಹಿತಿ ಹಕ್ಕಿನಡಿ ಕೇಳಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ಮೀರಬಾರದು. ಶುಲ್ಕ 10 ರೂಪಾಯಿ. ವಿಳಾಸ: ಸಾರ್ವಜನಿಕ ಮಾಹಿತಿ ಅಧಿಕಾರಿ, ಕಂದಾಯ ಇಲಾಖೆ, ಬಹುಮಹಡಿ ಕಟ್ಟಡ, ಬೆಂಗಳೂರು. ಉತ್ತರ ಕೊಡಲು ಅವರಿಗಿರುವ ಗಡುವು 30 ದಿನ.